ಹೆಚ್ಚಿಗೆ ಇಟ್ಟ ಒಂದು ವರ್ಷ

ಟೇಲರಕ್ಕನ ಕೈಗೆ ಬಟ್ಟೆ ಕೊಟ್ಟವರದೆಲ್ಲ ಒಂದೇ ದೂರು. ಹೊಲಿಗೆ ಚೆಂದ, ಆದರೆ ಒಳಗಡೆ ಎರಡು ಬೆರಳಗಲ ಬಟ್ಟೆ ಮಡಚಿ ಬಿಡದೆ ಈ ಹೆಂಗಸು ಹೊಲಿಯುವುದೇ ಇಲ್ಲ. ಮನುಷ್ಯರು ಇದ್ದ ಹಾಗೇ ಇರುತ್ತಾರೆಯೇ, ಕತ್ತರಿಸಿದ ಬಟ್ಟೆ ಬಾ ಎಂದರೆ ಬರುತ್ತದೆಯೇ ಎನ್ನುವುದು ಅವಳ ವಾದ. ಗೊಣಗಿದ ಗಿರಾಕಿಗಳೇ ಎರಡು ವರ್ಷ ಕಳೆದು ಮೈ ತುಂಬಿಕೊಂಡ ಮೇಲೆ ಅದೇ ಬಟ್ಟೆ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದು ನಿಲ್ಲುತ್ತಿದ್ದರು. ಅವಳು ತುಟಿ ಪಿಟಕ್ಕೆನ್ನದೆ ಹೊಲಿಗೆ ಬಿಚ್ಚಿ ಕೊಡುತ್ತಿದ್ದಳು. ಆ ಮೌನದಲ್ಲಿ ಎಷ್ಟು ಜಂಬವಿತ್ತೆಂದು ಅವಳ ಗಂಡನಿಗೆ ಮಾತ್ರ ಗೊತ್ತು.

ಬಟ್ಟೆಗೆ ಸರಿ. ಆದರೆ ಈ ಮಹಾತಾಯಿ ಬ್ಯಾಂಕಿನಲ್ಲೂ ಹಾಗೇ ಮಾಡಿಟ್ಟಿದ್ದಳು.

ಮಗಳಿಗೆ ಮೂರು ತುಂಬಿದಾಗ ಅವಳ ಕಾಲೇಜಿಗೆಂದು ಠೇವಣಿ ಶುರುಮಾಡಿದವಳು ಟೇಲರಕ್ಕನೇ. ಗಂಡ ಬಸ್ ಓಡಿಸುವವನು, ತೋರಿಸಿದ ಕಡೆ ಸಹಿ ಹಾಕುವ ಸಾಧು ಪ್ರಾಣಿ. ಹೊಟ್ಟೆಬಟ್ಟೆ ಕಟ್ಟಿ, ಒಂದು ತಿಂಗಳೂ ತಪ್ಪಿಸದೆ ಹದಿನೈದು ವರ್ಷ ಕಟ್ಟಿದಳು. ಈಗ ಮಗಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಎರಡು ವಾರದೊಳಗೆ ಶುಲ್ಕ ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಮಗಳು ಕುಣಿದಾಡುತ್ತಲೇ ಬೀರುವಿನಿಂದ ಠೇವಣಿಯ ಕಾಗದ ತೆಗೆದು ಓದಿದಳು. ಹಣ ಕೈಗೆ ಬರುವುದು ಮುಂದಿನ ವರ್ಷ.

ಲೆಕ್ಕ ತಪ್ಪಿರಬೇಕು ಎಂದು ಅಪ್ಪ ತಲೆ ಕೆರೆದುಕೊಂಡ. ಅಮ್ಮ ಮಷಿನ್ನಿನಿಂದ ತಲೆ ಎತ್ತದೆ, ತಪ್ಪಿಲ್ಲ, ಒಂದು ವರ್ಷ ಹೆಚ್ಚಿಗೆ ಇಟ್ಟಿದ್ದೆ, ನಡುವೆ ಎಲ್ಲಾದರೂ ಒಂದು ಕ್ಲಾಸು ಹೋದರೆ ಇರಲಿ ಎಂದು, ಅಂದಳು.

"ನಾನು ಫೇಲಾಗ್ತೀನಿ ಅಂತ ಮೂರನೇ ವರ್ಷಕ್ಕೇ ಗೊತ್ತಾಗಿತ್ತಾ ನಿಂಗೆ?" ಅಂದಳು ಮಗಳು.

ಆಮೇಲೆ ಮೂರು ದಿನ ಮಾತಿಲ್ಲ ಕಥೆಯಿಲ್ಲ. ಆ ಹುಡುಗಿಯದೂ ತಪ್ಪೆನ್ನಲಾರೆ. ಹನ್ನೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವಳಿಗೆ ಹೆತ್ತ ತಾಯಿಯೇ ತನ್ನ ಮೇಲೆ ನಂಬಿಕೆ ಇಟ್ಟಿರಲಿಲ್ಲ ಎಂದು ತಿಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಪ್ಪ ಇಬ್ಬರ ನಡುವೆ ಪೋಸ್ಟ್‌ಮ್ಯಾನ್ ಆದ. ಊಟಕ್ಕೆ ಕರೆಯುವುದಕ್ಕೂ ಅವನೇ, ಬೇಡವಂತೆ ಎಂದು ಹೇಳುವುದಕ್ಕೂ ಅವನೇ.

ನಾಲ್ಕನೇ ದಿನ ಮೂವರೂ ಬ್ಯಾಂಕಿಗೆ ಹೋದರು. ಕೌಂಟರಿನ ಗುಮಾಸ್ತೆ ಸಮಾಧಾನದ ಹೆಂಗಸು, ಬಿಡಿಸಿ ಹೇಳಿದಳು. ಈಗಲೇ ಮುರಿದರೆ ಬಡ್ಡಿಯಲ್ಲಿ ದೊಡ್ಡ ಪಾಲು ಹೋಗುತ್ತದೆ. ಉಳಿದದ್ದು ಶುಲ್ಕಕ್ಕೆ ಸಾಕು, ಹಾಸ್ಟೆಲಿಗೆ ಸಾಲದು. ಹಾಗಾದರೆ ಐದು ಗಂಟೆಗೆ ಎದ್ದು ನನ್ನ ಬಸ್ಸಲ್ಲೇ ಹೊರಡಲಿ, ಟಿಕೆಟ್ ಮಾತ್ರ ತಗೋಬೇಕು ಎಂದ ಅಪ್ಪ. ಯಾರೂ ನಗಲಿಲ್ಲ.

ಅರ್ಜಿಯಲ್ಲಿ ಒಂದು ಸಾಲು ಖಾಲಿಯಿತ್ತು: ಅವಧಿಗೆ ಮುಂಚೆ ಮುಚ್ಚಲು ಕಾರಣ. ಟೇಲರಕ್ಕ ಪೆನ್ನು ಹಿಡಿದು ಆ ಸಾಲನ್ನೇ ನೋಡುತ್ತ ಕುಳಿತಳು. ಏನಾದರೂ ಒಂದು ಬರೆಯಿರಿ ಸಾಕು ಎಂದಳು ಗುಮಾಸ್ತೆ.

"ಏಳನೇ ಕ್ಲಾಸಲ್ಲಿ ನಾನು ಫೇಲಾದೆ," ಅಂದಳು ಟೇಲರಕ್ಕ, ಗುಮಾಸ್ತೆಗೂ ಅಲ್ಲ, ಗಂಡನಿಗೂ ಅಲ್ಲ. "ಇನ್ನೊಂದು ವರ್ಷಕ್ಕೆ ದುಡ್ಡಿಲ್ಲ ಅಂದ್ರು ನಮ್ಮಪ್ಪ. ಮಾರನೇ ದಿನಾನೇ ಮಷಿನ್ ಮುಂದೆ ಕೂರಿಸಿದ್ರು. ಇವಳಿಗೆ ಇನ್ನೊಂದು ವರ್ಷ ಇರ್ಲಿ ಅಂತ ಇಟ್ಟೆ."

ಗಂಡ ಅವಳ ಕಡೆ ತಿರುಗಿದ. ಓದು ತಲೆಗೆ ಹತ್ತಲಿಲ್ಲ, ನಾನೇ ಬಿಟ್ಟೆ ಎಂದು ನಗುನಗುತ್ತ ಹೇಳುತ್ತಿದ್ದವಳು ಇವಳೇ ಅಲ್ಲವೇ! ಇಪ್ಪತ್ತು ವರ್ಷ ಜೊತೆಗೆ ಬಾಳಿದವನಿಗೂ ಇದು ಗೊತ್ತಿರಲಿಲ್ಲ.

ಮಗಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೂರು ದಿನದ ಸಿಟ್ಟು ಎಲ್ಲಿ ಹೋಯಿತೋ.

"ಎಷ್ಟು ಮಾರ್ಕ್ಸ್ ಕಮ್ಮಿ ಬಿದ್ದಿತ್ತಮ್ಮ?"

"ಮೂರು," ಅಂದಳು ಅಮ್ಮ ತಕ್ಷಣ.

ಹಿಂದೆ ಸರತಿಯಲ್ಲಿದ್ದವರು ಕೆಮ್ಮಿದರು. ಕೆಮ್ಮಲಿ ಬಿಡಿ, ಅವರಿಗೇನು ಗೊತ್ತು. ಮಗಳು ಅಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಸಾಲಿನಲ್ಲಿ ದುಂಡಗೆ ಬರೆದಳು: ಮಗಳು ಎಲ್ಲ ಕ್ಲಾಸನ್ನೂ ಒಂದೇ ಸಲಕ್ಕೆ ಪಾಸು ಮಾಡಿದ್ದಾಳೆ. ಟೇಲರಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಕೆಳಗೆ ಸಹಿ ಹಾಕಿದಳು.