ತೊಳೆದ ಕಾಲು

ಅದೇ ವಾಸನೆ, ಮುಂದಿನ ಸೀಟಿನಲ್ಲಿ ಕೂತ ತಾಯಿ ಮಗುವಿನ ಕೈಕಾಲಿಗೆ ಸೊಳ್ಳೆ ಕ್ರೀಮು ಸವರುತ್ತಿದ್ದಾಳೆ, ಬೆಳಗ್ಗೆ ಎಂಟು ಗಂಟೆಗೆ ತುಂಬಿದ ಬಸ್ಸಿನಲ್ಲಿ ಯಾವ ಸೊಳ್ಳೆ ಬಂದು ಕಚ್ಚುತ್ತದೋ ಆ ತಾಯಿಗೇ ಗೊತ್ತು, ಮಗು ಮಾತ್ರ ಎರಡೂ ಕೈ ಚಾಚಿಕೊಂಡು ರಾಜನ ಹಾಗೆ ಕೂತಿದೆ, ನಿಂಬೆಹಣ್ಣಿನ ಹಾಗಿದ್ದೂ ನಿಂಬೆಹಣ್ಣಲ್ಲದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ ನನ್ನ ಕೈ ಕಂಬಿ ಬಿಟ್ಟು ಯೂನಿಫಾರಂ ವೇಲಿಗೆ ಒರೆಸಿಕೊಳ್ಳತೊಡಗಿತು – ಇವತ್ತೇ ಐದು ಸಲ ತೊಳೆದಿದ್ದೇನೆ, ಈ ಹದಿನಾರು ದಿನದಲ್ಲಿ ಎಷ್ಟು ಸಲವೋ, ಬಟ್ಟೆ ಸೋಪು, ಪಾತ್ರೆ ಸೋಪು, ಹುಣಸೆಹಣ್ಣು ಹಾಕಿ ಕೂಡ ಉಜ್ಜಿದ್ದೇನೆ, ವಾಸನೆ ಕೈಯಲ್ಲಿಲ್ಲ, ತಲೆಯಲ್ಲಿ ಕೂತಿದೆ. ಚನ್ನಪಟ್ಟಣಕ್ಕೆ ಇನ್ನು ಅರ್ಧ ಗಂಟೆ, ಅಷ್ಟರಲ್ಲಿ ಮಾತು ಜೋಡಿಸಿಕೊಳ್ಳಬೇಕು, ಮೊದಲನೇ ಪೀರಿಯಡ್ಡಿಗೇ ರಾಧಾಮಣಿ ಮಿಸ್ಸು ಸ್ಕೂಲ್ ಡೇ ಪಟ್ಟಿ ಮುಗಿಸಿಬಿಡುತ್ತಾರೆ, ನಿನ್ನೇನೇ ಅಂದರಲ್ಲ, ಪ್ರತಿಮಾ, ಮೆಹ್ರೀನ್ ಡಾನ್ಸ್ ಬೇಡ ಅಂತಿದ್ದಾಳೆ, ನಿನಗೆ ಬೇರೆ ಜೋಡಿ ಹುಡುಕಿಕೊ, ಅವಳನ್ನ ಟ್ಯಾಬ್ಲೋಗೇ ಹಾಕ್ತೀನಿ – ನಾನು ಸರಿ ಮಿಸ್ ಅಂದೆ, ಸರಿ ಮಿಸ್ ಅಂತೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಎಲ್ಲ ಧರ್ಮದವರೂ ಒಟ್ಟಿಗೆ ನಿಲ್ಲುವ ಟ್ಯಾಬ್ಲೋ ಅಂದರೆ ಮೆಹ್ರೀನ್ ಉರಿದುಬೀಳುತ್ತಿದ್ದಳು, ಆರನೇ ಕ್ಲಾಸಿನಿಂದ ನಾನೇ ಕಣೇ ಮುಸ್ಲಿಂ, ಪ್ರತಿ ವರ್ಷ ನಾನೇ ಮುಸ್ಲಿಂ, ಒಂದ್ ಸಲನಾದ್ರೂ ಬೇರೆಯೋರು ಆಗ್ಬಾರ್ದಾ – ಎರಡೂ ಕೈ ಮೇಲೆತ್ತಿ ದುವಾ ಮಾಡುವ ಹಾಗೆ ಏಳು ನಿಮಿಷ ಅಲ್ಲಾಡದೆ ನಿಲ್ಲಬೇಕು, ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡವಳು ಒಬ್ಬಳು, ಬಿಳೀ ಗೌನು ಹಾಕಿಕೊಂಡವಳು ಒಬ್ಬಳು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ರೈತ ಮಹಿಳೆ ನಾನು, ಹಿಂದೆ ಬಾವುಟ, ಅಷ್ಟೂ ಹೊತ್ತು ಅವಳು ತುಟಿ ಅಲ್ಲಾಡಿಸದೆ ಮೂಗು ತುರಿಸ್ತಾ ಐತೆ ಕಣೇ, ಮೂಗು ತುರಿಸ್ತಾ ಐತೆ ಅಂತ ಗೊಣಗುತ್ತಿದ್ದರೆ ನನಗೆ ಹೊರೆ ಸಮೇತ ನಗು. ಈ ವರ್ಷ ಹತ್ತನೇ ಕ್ಲಾಸು, ಕೊನೇ ಸ್ಕೂಲ್ ಡೇ, ಈ ವರ್ಷ ಕುಣೀಲೇಬೇಕು ಅಂದಳು, ಅದೂ ನಮ್ಮ ಕೊರಿಯಾ ಹುಡುಗರ ಹಾಡಿಗೆ, ಐದು ಜನ, ನನಗೆ ಬೆಳ್ಳಿಗೂದಲಿನವನು ಅವಳಿಗೆ ಟೋಪಿಯವನು, ಎಂಟನೇ ಕ್ಲಾಸಿನಲ್ಲೇ ಹಂಚಿಕೊಂಡಾಗಿದೆ, ಭಾಷೆ ಒಂದಕ್ಷರ ಬರುವುದಿಲ್ಲ ಆದರೆ ಹಾಡು ಪೂರ್ತಿ ಬಾಯಿಪಾಠ, ಹುಡುಗರು ರೇಗಿಸುತ್ತಾರೆ, ಮೀಸೆ ಇಲ್ದೋರ್ ಹಿಂದೆ ಬಿದ್ದವ್ರೆ ನೋಡ್ಲಾ ಇವ್ರು ಅಂತ, ಅಜ್ಜಿ ಮೊಬೈಲನ್ನು ಕೈಯಳತೆ ದೂರ ಹಿಡಿದು ನೋಡಿ, ಇವೇನ್ ಗಂಡೋ ಹೆಣ್ಣೋ, ನಾಕ್ನೇ ಜ್ವರ ಎದ್ದ ಹುಳ ಇದ್ದಂಗವೆ ಬೆಳ್ಳಗೆ ಅಂದಿತ್ತು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ, ನಾಲ್ಕು ಸಲ ಜ್ವರಕ್ಕೆ ಕೂತು ಏಳಬೇಕು, ಇದನ್ನು ಮೆಹ್ರೀನಿಗೆ ಹೇಳಿದಾಗ ಬೆಂಚಿನ ಮೇಲೆ ತಲೆಯಿಟ್ಟು ನಕ್ಕಿದ್ದೇ ನಕ್ಕಿದ್ದು, ಆಮೇಲೆ ಕಣ್ಣೊರೆಸಿಕೊಂಡು, ಪ್ರತಿ, ನಾನು ಬದುಕಿರೋ ಹುಳಾನೇ ನೋಡಿಲ್ಲ ಕಣೇ ಅಂದಳು. ಅವರಬ್ಬಾ ವಹಾಬ್ ಸಾಹೇಬರದು ನೂಲು ತೆಗೆಯುವ ಕೆಲಸ, ಹುಟ್ಟಿದಾಗಿನಿಂದ ಗೂಡು ಬೇಯುವ ವಾಸನೆಯಲ್ಲೇ ಬೆಳೆದವಳು, ಎಳೆ ಹಿಡಿಯುವುದು ಗೊತ್ತು, ಎಳೆ ಬಿಡುವ ಹುಳು ತಿನ್ನುವುದನ್ನು ಕಂಡಿಲ್ಲ, ಹಾಗಾದ್ರೆ ಭಾನುವಾರ ನಮ್ಮನೆಗೇ ಬಾ, ಪ್ರಾಕ್ಟೀಸೂ ಆಯ್ತದೆ ಅಂತ ಕರೆದವಳು ನಾನೇ.

ಬಂದಳು, ಕಡ್ಡಿಪೆಟ್ಟಿಗೆಯಷ್ಟು ಚಿಕ್ಕ ಸ್ಪೀಕರು, ಟಿಫನ್ ಡಬ್ಬಿಯಲ್ಲಿ ಅವರಮ್ಮ ಮಾಡಿದ ಸಬ್ಬಕ್ಕಿ ಪಾಯಸ, ಅಜ್ಜಿ ಡಬ್ಬಿ ಇಸಿದುಕೊಂಡು ಚೆಂದಾಗೈತೆ ಕಣವ್ವ ಅಂದಿತು, ತಿನ್ನಲಿಲ್ಲ, ಆಮೇಲೆ ತಿಂತೀನಿ ಬುಡು ಅಂತ ಶೆಲ್ಫಿನ ಮೇಲಿಟ್ಟಿತು, ಮೆಹ್ರೀನ್ ಅದನ್ನು ನೋಡಿದಳೋ ಇಲ್ಲವೋ, ನೋಡಿರುತ್ತಾಳೆ, ಅವಳು ಎಲ್ಲವನ್ನೂ ನೋಡುತ್ತಾಳೆ. ಸಾಯಂಕಾಲದವರೆಗೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕುಣಿದೆವು, ಐದು ಗಂಟೆಗೆ ಸೊಳ್ಳೆ ಮುತ್ತಿಕೊಂಡವು, ಬ್ಯಾಗಿನಲ್ಲಿದ್ದ ಕ್ರೀಮು ತೆಗೆದು ನಾನು ಮೊಣಕೈವರೆಗೂ ಬಳಿದುಕೊಂಡೆ, ಅವಳು ಬೇಡ ಅಂಟಂಟು ಅಂದಳು – ಹುಳದ ಮನೆಯ ಹತ್ತಿರ ಸೊಳ್ಳೆ ಬತ್ತಿ ಹಚ್ಚಬಾರದು ಅಂತ ನನಗೆ ಗೊತ್ತಿರಲಿಲ್ಲವೇ, ಹುಟ್ಟಿದಾಗಿನಿಂದ ಗೊತ್ತು, ಬೀಡಿ ಸೇದಿದವರನ್ನು ಕೂಡ ಅಪ್ಪ ಒಳಗೆ ಬಿಡುವುದಿಲ್ಲ, ಆದರೆ ಹುಳಕ್ಕೆ ಹೊಗೆ ಮಾತ್ರ ಆಗುವುದಿಲ್ಲ ಅಂತ ತಿಳಿದುಕೊಂಡಿದ್ದೆ, ಕ್ರೀಮಿಗೆ ಹೊಗೆ ಎಲ್ಲಿದೆ. ಆಗಲೇ ಅಜ್ಜಿ ನನ್ನನ್ನು ಕೂಗಿತು, ಅಮ್ಮೀ, ನಿಮ್ಮಪ್ಪ ಇನ್ನೂ ಬರ್ಲಿಲ್ಲ, ಎಡಗಡೆ ಸಾಲಿಗೆ ನೀನ್ ಸೊಪ್ಪು ಹಾಕು, ಬಲಗಡೆ ನಾನ್ ಹಾಕ್ತೀನಿ – ಸೊಪ್ಪು ತುಂಬಿದ ಮಂಕರಿ ಎತ್ತಿಕೊಂಡು ಓಡಿದೆ, ಕೈ ತೊಳೆಯಲಿಲ್ಲ. ಮೆಹ್ರೀನ್ ತೊಳೆದಳು. ಚಪ್ಪಲಿ ಗೋಡೆಗೆ ಒರಗಿಸಿ, ಪ್ಯಾಂಟು ಮೇಲೆ ಮಡಿಸಿ, ತೊಟ್ಟಿಯಿಂದ ಕಾಲಿಗೆ ಎರಡು ಚೊಂಬು ನೀರು ಹೊಯ್ದುಕೊಂಡು, ಬ್ಲೀಚಿಂಗ್ ನೀರಿನ ತಟ್ಟೆಯಲ್ಲೂ ಅದ್ದಿ, ಹೊಸಿಲಿನ ಈಚೆಗೇ ನಿಂತುಕೊಂಡಳು, ಒಳಗೆ ಬಾರೇ ಅಂದರೆ ಇಲ್ಲ, ಅಬ್ಬಾ ಹೇಳವ್ರೆ, ಹುಳದ ಮನೆಗೆ ಹೊರಗಿನೋರು ಹೋಗ್ಬಾರ್ದು, ಇಲ್ಲಿಂದಾನೇ ಕಾಣ್ಸ್ತೈತೆ ಅಂದಳು, ಆಮೇಲೆ ಹುಳು ಸೊಪ್ಪು ತಿನ್ನುವ ಸರಸರಕ್ಕೆ ಕಿವಿಯೊಡ್ಡಿ, ಎಕ್ಸಾಮ್ ಹಾಲ್‌ನಲ್ಲಿ ಎಲ್ರೂ ಬರೀತಿದ್ರೆ ಬರೋ ಸದ್ದು ಕಣೇ ಇದು ಅಂದಳು, ಹುಟ್ಟಿದಾಗಿನಿಂದ ಕೇಳುತ್ತಿರುವ ನನಗೆ ಹೊಳೆಯದೇ ಇದ್ದದ್ದು. ನಾನು ಸೊಪ್ಪು ಹಾಕಿ ಹೊರಗೆ ಬಂದಾಗ ಅವಳು ಅಲ್ಲಿರಲಿಲ್ಲ, ಮೇಕೆ ಮರಿಯ ಹಿಂದೆ ಹೋಗಿದ್ದಳು, ಹೊಸಿಲಿಗೆ ಗೇಣುದ್ದ ಹಿಂದೆ ಸಿಮೆಂಟಿನ ಮೇಲೆ ಎರಡು ಒದ್ದೆ ಪಾದ, ಬೆರಳುಗಳು ಬಾಗಿಲ ಕಡೆಗೆ, ಎಡಗಾಲಿನ ಕಿರುಬೆರಳು ಮಾತ್ರ ಮೂಡಿರಲಿಲ್ಲ, ದಾಟಿ ಹೋಗುವಾಗ ತುಳಿಯಬಾರದು ಅನ್ನಿಸಿ ಪಕ್ಕಕ್ಕೆ ಕಾಲಿಟ್ಟೆ.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಡಗಡೆ ಸಾಲಿನ ಹುಳುವೆಲ್ಲ ತಲೆ ಎತ್ತಿ ಎತ್ತಿ ಒಗೆಯುತ್ತಿದ್ದವು, ಬಾಯಿಂದ ಹಸಿರು ನೀರು, ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕಾಗಿದ್ದವು, ಅಪ್ಪ ಅವನ್ನು ಹೂಳಲು ಗುಂಡಿ ತೋಡಿದರು, ಬಲಗಡೆ ಸಾಲು ಗಟ್ಟಿಮುಟ್ಟಾಗಿ ತಿನ್ನುತ್ತಲೇ ಇತ್ತು. ಎರ್ಡೂ ಕಡೆ ಸೊಪ್ಪ ನಾನೇ ಹಾಕ್ದೆ ಕೆಂಪರಾಜು, ಸೊಪ್ಪಲ್ಲೇನಿಲ್ಲ, ಹೊರಗಿನ ಕಾಲು ಬಿತ್ತು, ಆ ಸಾಬ್ರ ಹುಡ್ಗಿ ಬಾಗ್ಲಲ್ಲಿ ನಿಂತಿದ್ಲು, ಅಜ್ಜಿ ಅಪ್ಪನಿಗೆ ಹೀಗೆ ಹೇಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿದ್ದೆ, ಅಜ್ಜಿಗೆ ವಯಸ್ಸಾಯಿತು, ಯಾರು ಹಾಕಿದ್ದು ಅನ್ನೋದು ಮರೆತಿದೆ ಅಂದುಕೊಂಡೆ, ಒಳಗೊಳಗೇ ಸದ್ಯ ನಾನು ಬದುಕಿಕೊಂಡೆ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಅಜ್ಜಿಯ ಆ ಮಾತು ಬಸ್ಸು ಹತ್ತಿ ನನಗಿಂತ ಮೊದಲು ಸ್ಕೂಲಿಗೆ ಹೋಯಿತು, ನಮ್ಮೂರ ದೇವರಾಜು ಇದ್ದಾನಲ್ಲ ನಮ್ಮದೇ ಕ್ಲಾಸು, ಅವನ ಬಾಯಿಗೆ ಬಿದ್ದರೆ ಮುಗಿಯಿತು, ಮೂರನೇ ದಿನ ನಲ್ಲಿಯ ಹತ್ತಿರ ಮೆಹ್ರೀನ್ ನನ್ನನ್ನು ನಿಲ್ಲಿಸಿ, ಹೌದೇನೇ ಪ್ರತಿ, ನನ್ನಿಂದಾನಾ, ನಾನ್ ಕಾಲ್ ತೊಳ್ಕೊಂಡಿದ್ದೆ ಕಣೇ, ಸರಿಯಾಗಿ ತೊಳ್ಕೊಂಡಿಲ್ವೇನೋ ಅಲ್ವಾ ಅಂದಳು, ನಾನು – ಗೊತ್ತಿಲ್ಲ ಕಣೇ ಅಂದೆ. ಗೊತ್ತಿತ್ತು. ಆ ಹೊತ್ತಿಗೆ ಕ್ರೀಮಿನ ಟ್ಯೂಬನ್ನು ನೂರು ಸಲ ಓದಿಯಾಗಿತ್ತು, ಎಡಗಡೆ ಸಾಲು ಯಾರದು ಅಂತ ಲೆಕ್ಕ ಹಾಕಿಯಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ, ಅಬ್ಬಾಗೆ ಹೇಳ್ದೆ, ಶುಕ್ರವಾರದ ನಮಾಜಲ್ಲಿ ನಿಮ್ಮ ಮುಂದಿನ ಬೆಳೆಗೆ ದುವಾ ಮಾಡ್ತಾರಂತೆ ಅಂದಳು, ಮಾರನೇ ದಿನದಿಂದ ಒಂದು ಬೆಂಚು ಬಿಟ್ಟು ಕೂರತೊಡಗಿದಳು, ಕೋಪ ಏನೂ ಅಲ್ಲ ಕಣೇ ಅಂತ ತಾನೇ ಹೇಳಿದಳು, ಕೋಪ ಅಲ್ಲದಿದ್ದರೆ ಇನ್ನೇನು ಅಂತ ಕೇಳಲು ನನಗೆ ಮುಖ ಎಲ್ಲಿತ್ತು.

ಇವತ್ತು ಬೆಳಗ್ಗೆ ತಡೆಯಲಾಗಲಿಲ್ಲ. ಬಲಗಡೆ ಸಾಲಿನ ಗೂಡು ಬಿಡಿಸಿ, ಹುಳದ ಮನೆ ತೊಳೆದು ಸುಣ್ಣ ಹೊಡೆದು ಹೊಸ ಹುಳ ತಂದು ಆರು ದಿನ, ಮೊದಲನೇ ಜ್ವರ ಎದ್ದಿವೆ, ಅಜ್ಜಿ ಈ ಬೆಳೆ ಕೈ ಹತ್ತಿದರೆ ಕೆಂಗಲ್ ಹನುಮಂತರಾಯನಿಗೆ ಬೆಣ್ಣೆ ಅಲಂಕಾರ ಅಂತ ಹರಕೆ ಹೊತ್ತಿದೆ, ನಾನು ತೊಟ್ಟಿಯ ಹತ್ತಿರ ಕೈ ತೊಳೆಯುತ್ತಾ ನಿಂತಿದ್ದೆ, ಅದೆಷ್ಟ್ ಸಲ ತೊಳೀತೀಯೆ ಚರ್ಮ ಕಿತ್ತೋಯ್ತದೆ ಅಂತ ಅಜ್ಜಿ ನಕ್ಕಿತು, ಆ ನಗು ಕೇಳಿ ನನಗೆ ಅಳು ಬಂತು, ಅಜ್ಜಿ, ಅವತ್ತು ಎಡಗಡೆಗೆ ಹಾಕಿದ್ದು ನಾನು, ಕೈಲಿ ಕ್ರೀಮಿತ್ತು, ಮೆಹ್ರೀನ್ ಅಲ್ಲ ಅಂದೆ. ಅಜ್ಜಿ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಗೊತ್ತು ಕನ, ಹುಳ ಸತ್ತ ಬೆಳಿಗ್ಗೇನೇ ಮಂಕ್ರಿ ಮೂಸಿ ನೋಡ್ದೆ, ನಿನ್ ಮುಲಾಮಿನ ವಾಸ್ನೆ ಹಂಗೇ ಇತ್ತು ಅಂದಿತು. ಗೊತ್ತಿದ್ದೂ ಅವಳ ಮೇಲೆ ಯಾಕೆ ಹೇಳ್ದೆ ಅಂದೆ, ಇನ್ಯಾರ್ ಮೇಲೆ ಹೇಳ್ಳಿ, ನಿಮ್ಮಪ್ಪ ಮೊದ್ಲೇ ಹತ್ತನೇ ಕ್ಲಾಸ್ ಮುಗುದ್ರೆ ಸಾಕು ಅಂತಾವ್ನೆ, ಇದೊಂದು ಗೊತ್ತಾಗಿದ್ರೆ ಮೊಬೈಲು ಕುಣ್ತ ಕಾಲೇಜು ಎಲ್ಲಾ ಒಂದೇ ಸಲ ಬಂದ್ ಮಾಡ್ಬುಡೋನು, ನೀನು ಈ ಮನೇಲಿ ಬಾಳ್ಬೇಕಾದೋಳು, ಆ ಮಗ ಹೊರಗ್ನೋಳು, ಒಸಿ ಮಾತು ಬಂದ್ರೆ ಏನ್ ಕಳ್ಕತದೆ – ಇಷ್ಟು ಹೇಳಿ ಒದ್ದೆ ಕೈಯಿಂದ ನನ್ನ ಕೆನ್ನೆ ಸವರಿತು, ಈ ಬೆಳೆ ಮುಗೀಲಿ, ಕರ್ಕಂಡ್ ಬಾ, ಒಬ್ಬಟ್ಟು ಮಾಡಿಕ್ಕುವಾ, ಚೆಂದಾದ್ ಮಗ ಅದು. ನನಗೆ ಅಜ್ಜಿಯ ಮೇಲೆ ಸಿಟ್ಟೂ ಬಂತು, ಆ ಕೈಯನ್ನು ಕೆನ್ನೆಯಿಂದ ತೆಗೆಯಬೇಡ ಅಂತಲೂ ಅನ್ನಿಸಿತು, ನನ್ನನ್ನು ಕಾಯುವುದಕ್ಕೆ ಅವಳನ್ನು ಮುಂದಕ್ಕೆ ತಳ್ಳಿದ ಕೈ, ಅದನ್ನೇ ಹಿಡಿದುಕೊಂಡು ಅತ್ತೆ, ಪಾಯಸದ ಡಬ್ಬಿ ಅವತ್ತೇ ತೊಳೆದು ಬೋರಲು ಹಾಕಿದ್ದು ಶೆಲ್ಫಿನ ಮೇಲೆ ಇನ್ನೂ ಇತ್ತು, ಪಾಯಸ ಯಾರು ತಿಂದರು ಅಂತ ಕೇಳಲಿಲ್ಲ, ಡಬ್ಬಿ ತೆಗೆದು ಬ್ಯಾಗಿಗೆ ಹಾಕಿಕೊಂಡೆ, ಅಪ್ಪನಿಗೂ ಇವತ್ತು ರಾತ್ರಿ ನಾನೇ ಹೇಳ್ತೀನಿ ಅಜ್ಜಿ ಅಂದೆ, ಅಜ್ಜಿ ಮತ್ತೆ ಸೊಪ್ಪು ಹೆಚ್ಚತೊಡಗಿತು.

ಹಿಂದಿನ ಸೀಟಿನಲ್ಲಿ ದೇವರಾಜು ಯಾರೋ ಹೊಸ ಹುಡುಗನಿಗೆ ಮತ್ತೆ ಶುರು ಮಾಡಿದ್ದಾನೆ, ಇವ್ರ ಮನೇಲೇ ಕಣ್ಲಾ, ಸಾಬ್ರುಡ್ಗಿ ಒಳೀಕ್ ಹೋಗ್ಬುಟ್ಟು ಹುಳಾನೆಲ್ಲ ಮುಟ್ಬುಟ್ಳು, ಬೆಳಿಗ್ಗೆ ಹೊತ್ಗೆ ಅಷ್ಟೂ ಸತ್ತವೆ – ನೋಡಿ, ಹದಿನಾರು ದಿನದಲ್ಲಿ ಹೊಸಿಲನ್ನೂ ದಾಟಿಸಿಬಿಟ್ಟಿದ್ದಾರೆ, ಕೈಯಲ್ಲಿ ಮುಟ್ಟಿಸಿಯೂ ಬಿಟ್ಟಿದ್ದಾರೆ, ನಾನು ತಿರುಗಿದೆ, ಕಂಬಿ ಬಿಟ್ಟೆ, ಏ ದೇವರಾಜ, ಅವ್ಳು ಒಳಗೇ ಬರ್ಲಿಲ್ಲ, ಹುಳ ಸತ್ತಿದ್ದು ನನ್ನಿಂದ, ನನ್ ಕೈಲಿ ಸೊಳ್ಳೆ ಕ್ರೀಮಿತ್ತು ಅಂದೆ, ಬಸ್ಸಿಗೆಲ್ಲ ಕೇಳಿಸುವ ಹಾಗೆ, ಮಗುವಿನ ತಾಯಿ ಕ್ರೀಮಿನ ಮುಚ್ಚಳ ಹಿಡಿದುಕೊಂಡು ತಿರುಗಿ ನೋಡಿದಳು, ದೇವರಾಜು ಆ ಹುಡುಗನ ಕಡೆ ಬಗ್ಗಿ, ಫ್ರೆಂಡಲ್ವಾ, ತನ್ ಮೇಲೆ ಹಾಕ್ಕತಾವ್ಳೆ ಅಂದ. ನಂಬಲಿಲ್ಲ. ನಿಜ ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆನಲ್ಲ ದಡ್ಡಿ, ಮುಗಿಯುವುದಿಲ್ಲ, ನಾಳೆಯೂ ಹೇಳಬೇಕು, ನಾಡಿದ್ದೂ ಹೇಳಬೇಕು, ಇರಲಿ ಹೇಳ್ತೀನಿ, ಮೊದಲು ಅವಳಿಗೆ, ಬಸ್ ಸ್ಟ್ಯಾಂಡಿನಿಂದ ಸ್ಕೂಲಿನವರೆಗೆ ಓಡಿದೆ, ಬ್ಯಾಗಿನಲ್ಲಿ ಡಬ್ಬಿ ಗಡಗಡ.

ಗೇಟಿನ ಹತ್ತಿರವೇ ನಿಂತಿದ್ದಾಳೆ ಮೆಹ್ರೀನ್, ನನ್ನನ್ನು ಕಂಡು ನಗುತ್ತಾಳೆ, ನಾನು ಬಾಯಿ ತೆರೆಯುವ ಮೊದಲೇ, ಹೊಸ ಹುಳ ಹೆಂಗವೆ ಪ್ರತಿ, ಜ್ವರ ಎದ್ವಾ ಅನ್ನುತ್ತಾಳೆ, ಎದ್ದವು ಅನ್ನುತ್ತೇನೆ, ಹತ್ತಿರ ಹೋಗುತ್ತೇನೆ, ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾಳೆ, ಕೈ ಅಡ್ಡ ಹಿಡಿದು, ಬೇಡ ಕಣೇ, ದೂರಾನೇ ಇರು, ನೀನು ಸಂಜೆ ಮತ್ತೆ ಅವಕ್ಕೆ ಸೊಪ್ಪು ಹಾಕ್ಬೇಕಲ್ವಾ, ನನ್ನ ಕಾಲಿಂದೋ ಬಟ್ಟೆಯಿಂದೋ ಏನಾದ್ರೂ ನಿನಗಂಟ್ಕೊಂಡು ಹೋದ್ರೆ – ಅದಕ್ಕೇ ಬೆಂಚು ಬಿಟ್ಟು ಕೂತದ್ದು, ಅದಕ್ಕೇ ಕುಣಿಯಲ್ಲ ಅಂದದ್ದು, ಇಷ್ಟು ದಿನ ನಮ್ಮ ಹುಳುಗಳನ್ನು ತನ್ನಿಂದ ಕಾಯುತ್ತಿದ್ದಳು, ನಾನು ಆ ಎರಡು ಹೆಜ್ಜೆ ದಾಟಿ ಅವಳ ಕೈ ಹಿಡಿದುಕೊಂಡೆ, ಈ ಕೈ ಕಣೇ ಮೆಹ್ರೀನ್, ಈ ನನ್ನ ಕೈ, ನೀನಲ್ಲ, ನೀನು ತೊಳೆದಿದ್ದೆ ಕಣೇ ಅಂದೆ, ಇನ್ನೂ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ಬರುತ್ತಿಲ್ಲ, ಅವಳು ಅರ್ಥವಾಗದೆ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ನನಗೆ ಅವಳ ಮುಖವೂ ಕಾಣುತ್ತಿಲ್ಲ, ಸಿಮೆಂಟು ಕಾಣುತ್ತಿದೆ, ಹೊಸಿಲಿಗೆ ಗೇಣುದ್ದ ಹಿಂದೆ, ಎರಡು ಒದ್ದೆ ಪಾದ, ಬೆರಳುಗಳು ಬಾಗಿಲ ಕಡೆಗೆ, ಎಡಗಾಲಿನ ಕಿರುಬೆರಳು ಮೂಡಿಲ್ಲ, ಎರಡು ಒದ್ದೆ ಪಾದ, ಹೊಸಿಲು ದಾಟದೆ, ಈಚೆಗೇ