ಹಾಲಿಲ್ಲದ ಬಾಣಂತಿ

ಕಿಟಕಿ ಮುಚ್ಚಿದ ಕೋಣೆ, ಲೋಬಾನದ ಹೊಗೆ, ಒಳಗೆ ಚೀರುವ ಕೂಸು. ನಿಂಬೆವ್ವ ಅತ್ತಿಗೆಯನ್ನು ನೆನೆದಾಗ ಮೊದಲು ಕಾಣುವುದು ಅದೇ. ತವರಿನಲ್ಲಿ ತಾಯಿ ಇಲ್ಲದ ಅವಳ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ, ನನ್ನ ಅವ್ವನ ಕೈಯಲ್ಲೇ ನಡೆಯಿತು.

ಅವ್ವ ಕೆಟ್ಟವಳಲ್ಲ. ಸೊಸೆಗೆ ತಾನೇ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಆದರೆ ಹೆತ್ತ ದಿನ ಎದೆಗಿಳಿದ ಹಳದಿ ಹಾಲನ್ನು "ಅದು ಕೆಟ್ಟದ್ದು, ಹಿಂಡಿ ಚೆಲ್ಲವ್ವ" ಎಂದವಳೂ ಅವಳೇ. ಕೂಸಿನ ಬಾಯಿಗೆ ಸಕ್ಕರೆ ನೀರು ಬಿತ್ತು. ಬಾಣಂತಿಗೆ ಒಂದು ಹಿಡಿ ಅನ್ನ, ಗಂಟಲು ನೆನೆಯುವಷ್ಟು ನೀರು.

"ಅತ್ತೀ, ಬಾಯಿ ಒಣಗೇತ್ರಿ. ಒಂದ್ ಚರಿಗಿ ನೀರು ಕೊಡ್ರಿ."

"ಹಸಿ ಮೈಯಾಗ ನೀರು ಕುಡದ್ರ ಹೊಟ್ಟಿ ಬರ್ತೈತಿ. ತಡ್ಕೋ."

ಕೂಸು ಅತ್ತಾಗಲೆಲ್ಲ ಅವ್ವ "ಇಕಿಗೆ ಹಾಲಿಲ್ಲ" ಎಂದು ಆಕಳ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕೊಟ್ಟಳು. ಬಾಟಲಿಯ ರೂಢಿಯಾದ ಕೂಸು ಎದೆ ಚೀಪುವುದನ್ನು ಬಿಟ್ಟಿತು. ಚೀಪದ ಎದೆ ಬತ್ತತೊಡಗಿತು. ನೋಡಲು ಬಂದ ಹೆಂಗಸರೂ ಹಾಲಿಲ್ಲವೆಂದೇ ಆಡಿ ಆಡಿ, ಕಡೆಗೆ ಅತ್ತಿಗೆಯೂ ಅದನ್ನೇ ನಂಬಿಬಿಟ್ಟಳು. ಎರಡು ತಿಂಗಳು ತುಂಬುವ ಹೊತ್ತಿಗೆ ಕೂಸಿಗೆ ಭೇದಿ ಹತ್ತಿತು. ಮುಖ ಮುದುಕನದಾಯಿತು, ಅಳಲೂ ತ್ರಾಣವಿರಲಿಲ್ಲ. ಅಣ್ಣ ಎತ್ತಿಕೊಂಡು ಆಸ್ಪತ್ರೆಗೆ ಓಡಿದ; ಹಿಂದೆಯೇ ಅತ್ತಿಗೆ, ಅವ್ವ, ನಾನು.

ಅಲ್ಲಿ ಎಸ್ತರಮ್ಮ ಎಂಬ ನರ್ಸ್ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು. ಕೂಸಿಗೆ ಔಷಧ, ಕೊಕ್ಕಿನ ಪುಟ್ಟ ಒಳಲೆಯಲ್ಲಿ ಹಾಲು; ಅತ್ತಿಗೆಗೆ ಹೊಟ್ಟೆತುಂಬ ಊಟ, ಕೇಳಿದಷ್ಟು ನೀರು. ಪ್ರತಿ ಸಲವೂ ಪಕ್ಕದಲ್ಲೇ ಕುಳಿತು ಕೂಸನ್ನು ಎದೆಗೆ ಹಚ್ಚಿಸಿ, ಚೀಪುವುದನ್ನು ಮತ್ತೆ ರೂಢಿ ಮಾಡಿಸಿದಳು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕೂಸು ಗುಟುಕರಿಸುವ ಸದ್ದು ನಮಗೆಲ್ಲ ಕೇಳಿಸಿತು. ಕಟವಾಯಿಯಿಂದ ಹಾಲು ಇಳಿಯುತ್ತಿತ್ತು.

ಅತ್ತಿಗೆ ನಗಲಿಲ್ಲ. ಅವ್ವನನ್ನೇ ನೋಡುತ್ತ, "ನನಗ ಹಾಲಿತ್ತು" ಎಂದಳು.

ಅವ್ವ ಎಸ್ತರಮ್ಮನತ್ತ ತಿರುಗಿ ಕೇಳಿದಳು: "ಎಲ್ಲಾರಿಗೂ ಇರ್ತೈತೇನ್ರಿ?"

"ಬಾಳ ಮಂದಿಗೆ ಇರ್ತೈತಿ, ಅವ್ವಾರ. ಕೂಸು ಚೀಪಬೇಕು, ತಾಯಿ ಉಣ್ಣಬೇಕು."

"ನಮ್ಮತ್ತಿ ನನಗೂ ಇಲ್ಲ ಅಂದಿದ್ಲು. ನನ್ನ ಚೊಚ್ಚಲ ಹುಡುಗಿ ಹಿಂಗ ಒಣಗಿ ಒಣಗಿ ಹೋತು."

ಅಣ್ಣನಿಗಿಂತ ಮೊದಲು ನಮಗೊಬ್ಬಳು ಅಕ್ಕ ಇದ್ದಳೆಂದು ನನಗೆ ಗೊತ್ತಾದದ್ದೇ ಆಗ.

"ಹಂಗಾದ್ರ, ಆವಾಗ ನನಗೂ ಇತ್ತೇನ್ರಿ?"

ಎಸ್ತರಮ್ಮ ಬಂದು ಅವ್ವನ ಪಕ್ಕ ಕುಳಿತಳು. ಅತ್ತಿಗೆ ನಮ್ಮತ್ತ ಬೆನ್ನು ಮಾಡಿ, ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡಳು. ಅವ್ವ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಹಾಗೇ ಕುಳಿತಿದ್ದಳು.