ಹೂ ಬೀಳುವ ತನಕ

ಕಲ್ಲಮ್ಮನವರ ಮನೆಯಲ್ಲಿ ಕೇಳದೆ ಏನೂ ಆಗುತ್ತಿರಲಿಲ್ಲ. ಕೇಳುವುದೆಂದರೆ ವೀರಭದ್ರ ದೇವರ ಮುಂದೆ ಹೂ ಕೇಳುವುದು. ಪೂಜಾರಿ ಹೂವಿನ ಒದ್ದೆ ಎಸಳುಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಭುಜದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಬೀಳುವ ತನಕ ಕೇಳಿದವರು ಕೂತಲ್ಲಿಂದ ಏಳುವಂತಿಲ್ಲ. ಹಸು ಮಾರುವುದಕ್ಕೆ, ಹೆಣ್ಣು ನೋಡಲು ಹೋಗುವುದಕ್ಕೆ, ಒಲೆಯ ಜಾಗ ಬದಲಿಸುವುದಕ್ಕೆ, ಎಲ್ಲಕ್ಕೂ ಹೂ ಆಗಬೇಕು. ಸಖರಾಯಪಟ್ಟಣದಿಂದ ತುಸು ಒಳಗಿರುವ ಆ ಹಳ್ಳಿಯಲ್ಲಿ ಇದನ್ನು ಯಾರೂ ಮೂಢನಂಬಿಕೆ ಎನ್ನುವುದಿಲ್ಲ. ಪದ್ಧತಿ ಎನ್ನುತ್ತಾರೆ.

ಆ ಸೋಮವಾರ ಬೆಳಿಗ್ಗೆ ಕೋಮಲಾ ರೊಟ್ಟಿ ತಟ್ಟುತ್ತಿದ್ದಳು. ಮಗಳು ಕೃತಿಕಾ ಒಲೆಯ ಬಳಿ ಬಂದು ನಿಂತು, ಹೊರಗೆ ಹೋಗಿ, ಮತ್ತೆ ಬಂದಳು.

"ಒಂದ್ ಕಡೆ ಕೂರೇ. ನಿನ್ನ ನೋಡ್ತಾ ನಂಗೇ ತಲೆ ಸುತ್ತತದೆ."

"ಅಮ್ಮ, ಮಧ್ಯಾಹ್ನ ಮೂರಕ್ಕೆ ಮುಗೀತದೆ. ಅಜ್ಜಿ ಫೋನ್ ಕೊಡ್ತಾ ಇಲ್ಲ."

ಶುಕ್ರವಾರ ಸಂಜೆ ವೈದ್ಯಕೀಯ ಸೀಟು ಹಂಚಿಕೆಯಾಗಿತ್ತು. ಕೃತಿಕಾಳಿಗೆ ಸಿಕ್ಕಿದ್ದು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು. ಮೊದಲ ಸಲ ನೀಟ್ ಬರೆದಾಗ ಅಂಕ ಸಾಲದೆ, ಒಂದು ವರ್ಷ ಮನೆಯಲ್ಲೇ ಕೂತು ಓದಿ ಎರಡನೇ ಸಲ ಬರೆದಿದ್ದಳು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಅಂಕಗಳ ಜೊತೆ ಅದೂ ಸೇರಿ ಈ ಬಾಗಿಲು ತೆರೆದಿತ್ತು. ಅಪ್ಪ ಕಾಂತರಾಜು ಬೇರೆಯವರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವನು. ಖಾಸಗಿ ಕಾಲೇಜಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಸಿಕ್ಕ ಸೀಟನ್ನು ಒಪ್ಪಿಕೊಂಡಿದ್ದೇನೆಂದು ನಿಗದಿತ ಹೊತ್ತಿನೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಸೀಟು ರದ್ದು. ತಿಳಿಸುವಾಗ ಅರ್ಜಿಯಲ್ಲಿ ಕೊಟ್ಟ ನಂಬರಿಗೆ ಒಂದು ಓಟಿಪಿ ಬರುತ್ತದೆ. ಮನೆಯಲ್ಲಿದ್ದದ್ದು ಒಂದೇ ಫೋನ್. ಅದನ್ನು ಕಲ್ಲಮ್ಮ ಶುಕ್ರವಾರವೇ ತಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿ ದಾರ ಎಳೆದಿದ್ದರು. ಹೂ ಕೇಳುವುದು ಸೋಮವಾರ ಮಾತ್ರ. ಶನಿವಾರ, ಭಾನುವಾರ ಹೀಗೆಯೇ ಕಳೆದುಹೋದವು.

"ಹೂ ಆಗ್ಲಿ ಕಣೇ, ಫೋನ್ ನಾನೇ ಕೈಯಾರೆ ಕೊಡ್ತೀನಿ," ಎಂದರು ಕಲ್ಲಮ್ಮ ಜಗಲಿಯಿಂದ. "ಪರೀಕ್ಷೆ ಅರ್ಜಿ ಹಾಕುವಾಗ ಕೇಳಿರ್ಲಿಲ್ವಾ? ಕೂತ್ ತಕ್ಷಣ ಬಲಕ್ಕೆ ಕೊಟ್ಟ ನಮ್ಮಪ್ಪ. ಈಗ ಕೊಡಾಕಿಲ್ವಾ?"

"ಆಗ ಬಿಸಿಲಿತ್ತಜ್ಜಿ. ಎಸಳು ಬೇಗ ಒಣಗಿ ಬಿತ್ತು. ಈಗ ಶ್ರಾವಣ, ಮೋಡ. ಒದ್ದೆ ಆರೋದೇ ಇಲ್ಲ."

"ಬಾಯ್ ಮುಚ್ಚು. ಇನ್ನೂ ಡಾಕ್ಟ್ರೇ ಆಗಿಲ್ಲ, ಆಗ್ಲೇ ದೇವ್ರ ನಾಡಿ ಹಿಡಿಯಾಕೆ ಹೊಂಟವ್ಳೆ!"

ಕಾಂತರಾಜು ನಕ್ಕ. ಮಗಳ ಮುಖ ನೋಡಿ ನಗು ನಿಲ್ಲಿಸಿದ. ಅವನು ತಾಯಿಯ ಮಾತು ಮೀರಿದವನಲ್ಲ.

ಶ್ರಾವಣವಾದ್ದರಿಂದ ಗುಡಿಯಲ್ಲಿ ಜನ ಹೆಚ್ಚು. ಇವರ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಕಲ್ಲಮ್ಮ ಮತ್ತು ಮಗ ತಲೆಗೆ ನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ದೇವರೆದುರು ಕೂತರು. ಪೂಜಾರಿ ಕಲ್ಲೇಶಪ್ಪ ಎಸಳುಗಳನ್ನು ನೀರಿಗೆ ಅದ್ದಿ ಎರಡೂ ಭುಜಕ್ಕೆ ಒತ್ತಿದರು. "ಅಪ್ಪಾ ವೀರಭದ್ರ, ಈ ಮಗು ಹಾಸನಕ್ಕೆ ಹೋಗೋದು ನಿಂಗೆ ಒಪ್ಪಿಗೆಯಿದ್ರೆ ಬಲಕ್ಕೆ ಕೊಡು."

ಎಸಳು ಅಂಟಿಕೊಂಡೇ ಇತ್ತು.

ಕೃತಿಕಾ ಕಂಬಕ್ಕೆ ಒರಗಿ ನಿಂತಳು. ಸರಿದು ಇನ್ನೊಂದು ಕಂಬಕ್ಕೆ ಹೋದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಕಡೂರಿನ ಪಿಯು ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕ ರೇಣುಕಪ್ರಸಾದ್ ಸ್ಕೂಟರಿನಲ್ಲಿ ಬಂದರು. ಬೆಳಿಗ್ಗೆಯಿಂದ ಈ ಮನೆಯ ಫೋನಿಗೆ ಕರೆ ಮಾಡಿ ಮಾಡಿ ಸಾಕಾಗಿ, ಪಾಠ ಮುಗಿಸಿ ನೇರ ಹೊರಟಿದ್ದರು.

"ಇನ್ನೂ ಒಪ್ಪಿಗೆ ಕೊಟ್ಟಿಲ್ವೇನಮ್ಮ?"

"ಹೂ ಬಿದ್ದಿಲ್ಲ ಸಾರ್."

ಅವರು ಒಳಗೆ ಬಂದು ದೇವರಿಗೆ ಕೈ ಮುಗಿದು, ಕಲ್ಲಮ್ಮನವರ ಪಕ್ಕದಲ್ಲಿ ಮಂಡಿಯೂರಿದರು.

"ಅಮ್ಮ, ನೀವು ಪೂಜೆ ಮುಂದುವರಿಸಿ. ಫೋನ್ ಮಾತ್ರ ಕೊಡಿ. ಮೂರು ದಾಟಿದರೆ ಈ ಸೀಟು ಬೇರೆಯವರಿಗೆ ಹೋಗುತ್ತೆ. ನಮ್ಮಜ್ಜಿ ಗುಡೀಲಿದ್ರು, ಅದಕ್ಕೇ ತಡ ಆಯ್ತು ಅಂದ್ರೆ ಕಂಪ್ಯೂಟರ್ ಕೇಳಲ್ಲ."

"ನಿಮ್ ಕಂಪ್ಯೂಟ್ರು ನಮ್ ವೀರಭದ್ರಂಗಿಂತ ದೊಡ್ಡದಾ ಮೇಷ್ಟ್ರೇ?"

"ದೊಡ್ಡದಲ್ಲಮ್ಮ. ಆದರೆ ಅದಕ್ಕೆ ತಾಳ್ಮೆ ಇಲ್ಲ."

"ತಾಳ್ಮೆ ಇಲ್ದಿದ್ರಿಂದ ಒಳ್ಳೇದಾಗಲ್ಲ. ಕೇಳ್ದೆ ಮಾಡ್ದೋರ್ ಮನೆ ಏನಾಯ್ತು ಅಂತ ಈ ಊರು ನೋಡಿದೆ."

"ಸರಿ. ಇನ್ನೊಂದು ವರ್ಷ ಓದ್ಲಿ ಅಂತೀರಾ? ಎರಡು ಸಲ ಬರೆದು ಗೆದ್ದ ಹುಡುಗಿ. ಮತ್ತೆ ಬರೆದರೆ ಬರುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇವಳಿಗಿರೋದು ಇದೊಂದೇ ಬಾಗಿಲು. ಸಿರಿವಂತರ ಮಕ್ಕಳಿಗೆ ಪಕ್ಕದಲ್ಲಿ ಇನ್ನೊಂದಿರುತ್ತೆ."

"ಹೂ ಬೀಳ್ಲಿ," ಎಂದರು ಕಲ್ಲಮ್ಮ.

ಕಲ್ಲೇಶಪ್ಪ ಗೋಡೆ ಗಡಿಯಾರ ನೋಡಿ ಕೆಮ್ಮಿದರು. "ನನ್ನ ಕೈಲಿ ಏನೈತೆ ಮೇಷ್ಟ್ರೇ? ಬೀಳೋದು ಅವನಿಚ್ಛೆ. ಊದಿ ಬೀಳಿಸಾಕಾಯ್ತದಾ?"

ಹನ್ನೆರಡು ವರ್ಷದ ಹಿಂದೆ ಇದೇ ಕಲ್ಲುಹಾಸಿನ ಮೇಲೆ ಕಲ್ಲಮ್ಮನವರ ಹಿರಿಮಗ ಈರಭದ್ರಪ್ಪನನ್ನು ಮಲಗಿಸಿದ್ದರು. ಹೊಲಕ್ಕೆ ನೀರು ತಿರುಗಿಸುವಾಗ ಹಾವು ಕಚ್ಚಿತ್ತು. ಕಡೂರಿನ ಆಸ್ಪತ್ರೆಗೆ ಒಯ್ಯಬೇಕೋ, ನಾಟಿ ಔಷಧ ಸಾಕೋ ಎಂದು ಹೂ ಕೇಳಿದ್ದರು. ಎಡಕ್ಕೆ ಬಿತ್ತು, ದೇವರು ಆಸ್ಪತ್ರೆ ಬೇಡ ಎಂದ, ಆಯುಸ್ಸು ಅಷ್ಟೇ ಇತ್ತು. ಮನೆಯಲ್ಲಿ ಹೇಳುತ್ತಾ ಬಂದದ್ದು ಹೀಗೆ. ಹೇಳಿ ಹೇಳಿ ಊರೂ ಅದನ್ನೇ ನಂಬಿತ್ತು.

ಕೃತಿಕಾ ಬಂದು ಅಜ್ಜಿಯ ಎದುರು ಕೂತಳು. ದೇವರಿಗೆ ಬೆನ್ನು ಹಾಕಿ ಕೂತದ್ದನ್ನು ಕಂಡು ಕಲ್ಲೇಶಪ್ಪ ಹುಬ್ಬೇರಿಸಿದರು.

"ಅಜ್ಜಿ, ದೊಡ್ಡಪ್ಪಂಗೆ ಹೂ ಯಾವ ಕಡೆ ಬಿತ್ತು?"

"ಗೊತ್ತಿಲ್ವಾ? ಎಡಕ್ಕೆ."

"ನಾನು ಇಲ್ಲೇ ಇದ್ದೆ ಅಜ್ಜಿ. ಆ ಕಂಬದ ಹತ್ರ. ದೊಡ್ಡಪ್ಪ ನೀರು ಕೇಳಿದ್ರು. ಹೂ ಬೀಳೋ ತನಕ ಕೊಡಬಾರದು ಅಂದ್ರಿ ನೀವೆಲ್ಲ. ಆಮೇಲೆ ಕೇಳೋದ್ ನಿಲ್ಲಿಸಿದ್ರು. ಅವಾಗ್ಲೂ ಎಸಳು ಅಲ್ಲೇ ಇತ್ತು."

ಕಲ್ಲಮ್ಮ ಎಲೆಅಡಿಕೆ ಚೀಲವನ್ನು ಮಡಿಲಿಗೆ ಒತ್ತಿಕೊಂಡರು.

"ಕಲ್ಲೇಶಪ್ಪಜ್ಜ, ನೀನೇ ಹೇಳು. ಬಿದ್ದಿತ್ತಾ?"

ಪೂಜಾರಿ ಆರತಿ ತಟ್ಟೆಯನ್ನು ಸುಮ್ಮನೆ ಒರೆಸಿದರು. "ಬಿತ್ತು... ಆಮೇಲೆ. ಹೆಣ ಎತ್ತುವಾಗ. ಯಾವ ಕಡೇದು ಅಂತ ನೋಡೋ ಸ್ಥಿತಿಲಿ ಯಾರಿದ್ರು ಮಗಾ?"

ಕಾಂತರಾಜು ತಲೆ ಎತ್ತಲಿಲ್ಲ. ಅವನ ಒದ್ದೆ ಪಂಚೆಯಿಂದ ಇಳಿದ ನೀರು ಕಲ್ಲಿನ ಮೇಲೆ ಹರಡಿತ್ತು.

"ದೇವರು ಬೇಡ ಅಂದಿರ್ಲಿಲ್ಲ ಅಜ್ಜಿ. ನಾವು ಕೂತಿದ್ವಿ, ಅಷ್ಟೇ," ಎಂದಳು ಕೃತಿಕಾ. "ನಾನು ಕೂರಲ್ಲ. ಹೊರಗೆ ಹೋಗಿ ಸಾರ್ ಫೋನಲ್ಲಿ ಒತ್ತೀನಿ. ಓಟಿಪಿ ನಿನ್ ಚೀಲಕ್ಕೆ ಬತ್ತದೆ. ಕೊಡ್ತೀಯೋ ಬಿಡ್ತೀಯೋ ನಿಂಗೆ ಬಿಟ್ಟಿದ್ದು. ಎಡಕ್ಕೆ ಬಿದ್ರೂ ನಾನು ಒತ್ತೀನಿ."

"ಲೇ, ಹಂಗೆಲ್ಲ ಎದ್ದು ಹೋಗ್ಬಾರ್ದು ಕಣೇ!" ಎಂದಳು ಸರದಿಗೆ ಕಾದಿದ್ದ ಹೆಂಗಸೊಬ್ಬಳು.

ಆದರೆ ಕೃತಿಕಾ ಎದ್ದಾಗಿತ್ತು. ಜೊತೆಗೆ ಬಂದಿದ್ದ ಕೋಮಲಾ ಗುಡಿಯ ಬಾಗಿಲಲ್ಲಿ ನಿಂತಿದ್ದಳು. ತಡೆಯುವಳೆಂದು ಎಲ್ಲರೂ ಅಂದುಕೊಂಡರು. ಅವಳು ಬದಿಗೆ ಸರಿದು ಮಗಳಿಗೆ ದಾರಿ ಬಿಟ್ಟಳು.

ಗುಡಿಯ ಮುಂದಿನ ಅರಳಿಕಟ್ಟೆಯ ಮೇಲೆ ರೇಣುಕಪ್ರಸಾದ್ ತಮ್ಮ ಫೋನ್ ಕೊಟ್ಟರು. ಪುಟ ತೆರೆಯಲು ತಡವಾಯಿತು. ಸುತ್ತುವ ಚಕ್ರ ನಿಂತಿತು, ಮತ್ತೆ ಸುತ್ತಿತು. ಕೃತಿಕಾ ಎದ್ದು ನಿಂತು, ಕೂತು, ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಕೊನೆಗೆ 'ಸೀಟು ಒಪ್ಪಿದ್ದೇನೆ' ಎಂಬುದನ್ನು ಆರಿಸಿ ಒತ್ತಿದಳು.

ಗುಡಿಯೊಳಗೆ ಎಲೆಅಡಿಕೆ ಚೀಲ ಗುಂಯ್‌ಗುಟ್ಟಿತು.

ಕಲ್ಲಮ್ಮ ಅದನ್ನು ನೋಡಿದರು. ದೇವರ ಭುಜ ನೋಡಿದರು. ಎಸಳು ಎರಡೂ ಕಡೆ ಇತ್ತು. ಆಮೇಲೆ ಅವರ ಕಣ್ಣು ಕಲ್ಲುಹಾಸಿನ ಒಂದು ಜಾಗದಲ್ಲಿ ನಿಂತಿತು. ಅಲ್ಲಿ ಈಗ ಏನೂ ಇರಲಿಲ್ಲ.

"ಅವ್ವಾ..." ಎಂದ ಕಾಂತರಾಜು.

ಕಲ್ಲಮ್ಮ ಕೈ ಊರಿ, ಮೊಣಕಾಲು ಹಿಡಿದುಕೊಂಡು ಎದ್ದರು. ಮಂಟಪದಲ್ಲಿ ಗುಸುಗುಸು ಎದ್ದಿತು. ಹೂ ಬೀಳುವ ಮೊದಲು ಕೇಳಿದವರು ಎದ್ದದ್ದನ್ನು ಆ ಗುಡಿ ಕಂಡಿರಲಿಲ್ಲ. ಒದ್ದೆ ಸೀರೆ ಕಾಲಿಗೆ ತೊಡರುತ್ತಿತ್ತು. ಹೊಸ್ತಿಲು ದಾಟಿ, ಚೀಲದ ದಾರ ಬಿಡಿಸಲಾಗದೆ ಹಲ್ಲಿನಿಂದ ಎಳೆದು, ಸುಣ್ಣ ಮೆತ್ತಿದ್ದ ಫೋನನ್ನು ಮೊಮ್ಮಗಳ ಮುಂದೆ ಹಿಡಿದರು.

"ಏನೋ ಬಂದದೆ. ನಂಗೆ ಓದಾಕೆ ಬರಲ್ಲ, ನೋಡು ಬೇಗ."

ಕೃತಿಕಾ ಹೆಬ್ಬೆರಳಿನಿಂದ ಸುಣ್ಣ ಒರೆಸಿ ಆರು ಅಂಕಿಗಳನ್ನು ಓದಿ ಒತ್ತಿದಳು. ಚಕ್ರ ಸುತ್ತಿತು. ಪರದೆಯ ಮೇಲೆ ಒಪ್ಪಿಗೆ ದಾಖಲಾಗಿದೆ ಎಂಬ ಸಾಲು ಬಂದಾಗ ರೇಣುಕಪ್ರಸಾದ್ ಕಟ್ಟೆಯ ಮೇಲೆ ಕೂತರು.

"ಆಯ್ತಾ?" ಎಂದರು ಕಲ್ಲಮ್ಮ.

"ಇದಾಯ್ತಮ್ಮ. ಇನ್ನು ಶುಲ್ಕ ಕಟ್ಟಬೇಕು, ಮೂಲ ದಾಖಲೆ ತಗೊಂಡು ಹಾಸನಕ್ಕೆ ಹೋಗಬೇಕು."

"ಅದಕ್ಕೂ ಹೊತ್ತು ಗೊತ್ತು ಇಟ್ಟವ್ರಾ?"

"ಇಟ್ಟಿದ್ದಾರೆ."

"ಹಂಗಾದ್ರೆ ನಾಳೆ ಬೆಳಗಿನ ಬಸ್ಸಿಗೇ ಹೋಗ್ಲಿ."

ಆಗ ಒಳಗಿನಿಂದ ಕಲ್ಲೇಶಪ್ಪ ಕೂಗಿದರು: "ಕಲ್ಲಮ್ಮೋ! ಬಿತ್ತು, ಹೂ ಬಿತ್ತು!"

ಕಾಂತರಾಜು ಇನ್ನೂ ದೇವರ ಮುಂದೆಯೇ ಕೂತಿದ್ದ. ಯಾವ ಕಡೆ ಎಂದು ನೋಡಲು ಕತ್ತು ಮುಂದೆ ಚಾಚಿದ. ಹೊಸ್ತಿಲಿಗೆ ಬಂದ ತಾಯಿ ಒಳಗೆ ಕಾಲಿಡಲಿಲ್ಲ, ದೇವರ ಭುಜದ ಕಡೆಗೂ ನೋಡಲಿಲ್ಲ.

"ನೋಡ್ಬೇಡ, ಏಳೋ ಮೇಲಕ್ಕೆ," ಎಂದರು. "ಒಬ್ಬ ಮಗನ್ನ ಕೂತ್ಕಂಡೇ ಕಳ್ಕಂಡಿದೀನಿ."